ಅಂಕಿ ಮುಚ್ಚಿಟ್ಟು ಕೆಲಸ ಮಾಡುವ ಅನ್ನಪೂರ್ಣ

ಬೆಳಗಿನ ಐದೂವರೆ. ಜೆ.ಪಿ. ನಗರದ ಪುಟ್ಟ ಪ್ರಯೋಗಾಲಯವೊಂದರಲ್ಲಿ ಅನ್ನಪೂರ್ಣ ಸ್ವೆಟರ್ ತೊಟ್ಟು ಕಂಪ್ಯೂಟರ್ ಮುಂದೆ ಕೂತಿದ್ದಾರೆ. ತೆರೆಯ ಮೂಲೆಗೆ ಹಳೇ ಕ್ಯಾಲೆಂಡರಿನ ಚೂರು ಅಂಟಿಸಿದ್ದಾರೆ. ಅದರಡಿ ಒಂದು ಅಂಕಿಯಿದೆ. ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸಿ, ಸಿಕ್ಕ ಮಾಹಿತಿಗೆ ಪರಮಾಣುಗಳ ಮಾದರಿಯನ್ನು ಹೊಂದಿಸುತ್ತಾರಲ್ಲ, ಅದು ಎಷ್ಟು ಹೊಂದಿಲ್ಲ ಎಂದು ಹೇಳುವ ಅಂಕಿ. ಇಳಿದಷ್ಟೂ ಒಳ್ಳೆಯದು. ಇಳಿಯದೆ ಹಟ ಹಿಡಿದಾಗ ಎಲ್ಲರೂ ಇವರ ಬಳಿ ಓಡಿ ಬರುತ್ತಾರೆ.

“ಅಂಕಿ ಕಾಣ್ತಿದ್ರೆ ಕೈ ಸುಮ್ನಿರಲ್ಲ ಸಾರ್. ಖಾಲಿ ಜಾಗದಲ್ಲೆಲ್ಲ ನೀರಿನ ಅಣು ತುಂಬಿ ಇಳಿಸೋಣ ಅನ್ಸತ್ತೆ. ಅದಕ್ಕೇ ಮುಚ್ಚಿಡ್ತೀನಿ,” ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಚಿಕ್ಕಲಸಂದ್ರದ ಅನ್ನಪೂರ್ಣ ಬಿಎಸ್ಸಿ ಮುಗಿಸಿ, ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಇಲ್ಲಿ ಸೇರಿದವರು. ನೋಡಿ ನೋಡಿ ಕಲಿತರು. ಇಪ್ಪತ್ತೆರಡು ವರ್ಷದಲ್ಲಿ, ಕೈಕೊಟ್ಟ ನಾನೂರಕ್ಕೂ ಹೆಚ್ಚು ಮಾದರಿಗಳನ್ನು ಸರಿಪಡಿಸಿದ್ದಾರೆ. ಪ್ರಕಟವಾದ ಪ್ರಬಂಧಗಳಲ್ಲಿ ಹುಡುಕಿದರೆ ಇವರ ಹೆಸರು ಸಿಗುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ಇಂದು ಪಕ್ಕದಲ್ಲಿ ಸಂಶೋಧನಾ ವಿದ್ಯಾರ್ಥಿನಿ ಸಮನ್ವಿತಾ ಉಗುರು ಕಚ್ಚುತ್ತ ನಿಂತಿದ್ದಾಳೆ. ತನ್ನ ಔಷಧಿ ಪ್ರೋಟೀನಿನ ಗುಳಿಯೊಳಗೆ ಕೂತಿದೆ ಎಂಬುದರ ಮೇಲೆ ಆಕೆಯ ಮೂರು ವರ್ಷದ ಶ್ರಮ ನಿಂತಿದೆ. ಅನ್ನಪೂರ್ಣ ನಿನ್ನೆ ಸಂಜೆ ಮಾದರಿಯ ಒಂದು ಪ್ರತಿಯಿಂದ ಆ ಔಷಧಿಯನ್ನೇ ತೆಗೆದು ಲೆಕ್ಕಕ್ಕೆ ಹಾಕಿ ಹೋಗಿದ್ದರು. ಔಷಧಿ ನಿಜವಾಗಿ ಇದ್ದರೆ, ಎಕ್ಸ್-ರೇ ಮಾಹಿತಿಯಿಂದ ಕಂಪ್ಯೂಟರ್ ಬಿಡಿಸುವ ಹೊಸ ನಕ್ಷೆಯಲ್ಲಿ ಅದರ ಆಕಾರ ತಾನಾಗಿಯೇ ಮೂಡಬೇಕು.

ಏನೋ ಮೂಡಿದೆ. ಔಷಧಿಯ ಅರ್ಧದಷ್ಟೂ ಇಲ್ಲ.

“ಇದು ಗ್ಲಿಸರಾಲ್ ಕಣಮ್ಮಾ. ಹರಳು ಫ್ರೀಜ್ ಮಾಡೋಕೆ ಮುಂಚೆ ನೀನೇ ಹಾಕಿದ್ಯಲ್ಲ, ಅದು.”

“ಅಕ್ಕಾ, ಔಷಧೀನೇ ಸ್ವಲ್ಪ ತಿರುಗಿಸಿ ಕೂರಿಸಿದ್ರೆ?”

“ಕೂರತ್ತೆ. ನಾವು ಕೂರಿಸಿದ್ದಕ್ಕೆ ಕೂರತ್ತೆ.”

ಅಷ್ಟು ಹೇಳಿ ಅನ್ನಪೂರ್ಣ ಮೌಸ್ ಬಿಟ್ಟು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ. ಒತ್ತಾಯವಿಲ್ಲ. ಸಮನ್ವಿತಾ ಮೌಸ್ ಎಳೆದುಕೊಂಡು ಆ ಆಕಾರವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡುತ್ತಾಳೆ. ಕೊನೆಗೆ ಕಣ್ಣೊರೆಸಿಕೊಂಡು ತನ್ನ ಮೂಲ ಫೈಲು ತೆರೆದು, ತಾನೇ ಔಷಧಿಯನ್ನು ಅಳಿಸುತ್ತಾಳೆ. “ಗ್ಲಿಸರಾಲ್ ಹಾಕ್ದೆ ಹೊಸ ಹರಳು ಮಾಡ್ತೀನಿ ಅಕ್ಕಾ,” ಎಂದು ಎದ್ದು ಹೋಗುತ್ತಾಳೆ.

ಒಂದು ಪ್ರಬಂಧದಲ್ಲಾದರೂ ಹೆಸರು ಬರಲಿ ಎಂಬ ಆಸೆ ಇಲ್ಲವೇ ಎಂದು ಅನ್ನಪೂರ್ಣ ಅವರನ್ನು ಕೇಳುತ್ತೇನೆ.

“ಇತ್ತು ಸಾರ್, ಮೊದ್ಲು,” ಎನ್ನುತ್ತ ಲೋಟ ನನ್ನ ಕೈಗಿಡುತ್ತಾರೆ. “ಇಷ್ಟು ವರ್ಷ ಇಂಥದ್ನೆಲ್ಲ ನಾನೇ ಅಳಿಸ್ಬೇಕಿತ್ತು. ಹುಡುಗ್ರು ಮುಖ ಗಂಟು ಹಾಕ್ಕೊಂಡು ಹೋಗ್ತಿದ್ರು. ಇವತ್ತು ಅವಳೇ ಅಳಿಸಿದ್ಲು. ನೋಡಿದ್ರಲ್ಲ ನೀವು?”