ಮೀನಿಗೆ ಬಿಟ್ಟುಕೊಟ್ಟ ಉಪ್ಪು

ನಾನು ಚಿಕ್ಕವಳಿದ್ದಾಗ ಕೊಟ್ಟೂರಿನ ನಮ್ಮ ಮನೆಯಲ್ಲಿ ಉಪ್ಪಿನ ಭರಣಿ ಅಡುಗೆಮನೆಯ ಎತ್ತರದ ಗೂಡಿನಲ್ಲಿ ಇರುತ್ತಿತ್ತು. ಅಜ್ಜಿಯ ಕೈಗೆ ಎಟುಕುತ್ತಿತ್ತು, ನನ್ನ ಕೈಗೆ ಇಲ್ಲ. ಆ ಗೂಡಿನ ಕೆಳಗೆ ನಾನು ಇಡೀ ದಿನ ಹಟ ಹಿಡಿದು ಕೂತ ಕತೆ ಇದು.

ಅಪ್ಪನದು ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ. ಕೊಯ್ದು ಉಳಿದ ಗಾಜಿನ ತುಂಡುಗಳನ್ನು ಕಬ್ಬಿಣದ ಪಟ್ಟಿಗಳಿಗೆ ಕೂರಿಸಿ, ಸಂದಿಗೆಲ್ಲ ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿ ಮೆತ್ತಿ, ಅಪ್ಪ ನನಗೊಂದು ಮೀನಿನ ತೊಟ್ಟಿ ಮಾಡಿಕೊಟ್ಟಿದ್ದ. ಒಂದು ಮೂಲೆಯಲ್ಲಿ ಅದು ಸದಾ ಜಿನುಗುತ್ತಿತ್ತು, ಕೆಳಗೊಂದು ಬಟ್ಟೆ ಸುತ್ತಿಟ್ಟಿರುತ್ತಿದ್ದೆವು. ಒಳಗಿದ್ದದ್ದು ಒಂದೇ ಮೀನು. ಹೊಸಪೇಟೆಯಿಂದ ಬಸ್ಸಿನಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ತಂದದ್ದು. ಕುಂಬಳಹೂವಿನ ಬಣ್ಣ. ಬೆರಳು ಗಾಜಿಗೆ ಇಟ್ಟರೆ ಸಾಕು, ಬಾಯಿ ತೆರೆಯುತ್ತ ಓಡಿ ಬರುತ್ತಿತ್ತು.

ಒಂದು ಬೆಳಿಗ್ಗೆ ಬೆರಳಿಟ್ಟೆ, ಬರಲಿಲ್ಲ. ರೆಕ್ಕೆ ಮಡಚಿಕೊಂಡು ತಳದಲ್ಲಿ ಕೂತಿತ್ತು. ಆಗಾಗ ಎದ್ದು ಕಲ್ಲಿಗೆ ಮೈ ತಿಕ್ಕುತ್ತಿತ್ತು. ಬಗ್ಗಿ ನೋಡಿದರೆ ಮೈತುಂಬ ರವೆ ಉದುರಿದ ಹಾಗೆ ಬಿಳಿ ಬಿಳಿ ಚುಕ್ಕೆ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು, ಎರಡೂ ಕೈ ಮುಗಿದಳು. "ಅಮ್ಮ ಆಗ್ಯಾಳ ಮೀನಿಗೆ! ಯಾರೂ ಮುಟ್ಟಬ್ಯಾಡ್ರಿ."

ಮಕ್ಕಳೇ, ಆಗ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದರೆ ದೇವಿಯೇ ಬಂದು ಕೂತಿದ್ದಾಳೆ ಎನ್ನುತ್ತಿದ್ದರು. ಔಷಧ ಕೊಡುತ್ತಿರಲಿಲ್ಲ. ಬೇವಿನ ಸೊಪ್ಪು ಕಟ್ಟಿ, ಸಪ್ಪೆ ಊಟ ಹಾಕಿ ಕಾಯುವುದಷ್ಟೇ. ಉಪ್ಪಂತೂ ಹತ್ತಿರ ಸುಳಿಯುವಂತಿಲ್ಲ.

ಅಪ್ಪ ಮೆಲ್ಲಗೆ ಬಾಯಿಬಿಟ್ಟ. "ಅವ್ವ, ಮೀನು ಮಾರಾಂವ ಹೇಳ್ಯಾನ. ಹಿಂಗ ಚುಕ್ಕಿ ಎದ್ರ ನೀರಿಗೆ ಹರಳುಪ್ಪು ಹಾಕ್ರಿ, ಇಲ್ಲಾಂದ್ರ ಉಳಿಯಂಗಿಲ್ಲ ಅಂತ."

"ಅವನ ಮನಿಗೆ ಅಮ್ಮ ಬಂದಾಗ ಅವನು ಹಾಕ್ಕೊಳ್ಳಲಿ. ನನ್ನ ಮನ್ಯಾಗ ಆಗಂಗಿಲ್ಲ."

ಅಪ್ಪ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಅಜ್ಜಿ ತೊಟ್ಟಿಯ ಮೇಲೆ ಬೇವಿನ ಟೊಂಗೆ ಅಡ್ಡ ಇಟ್ಟಳು. ನಾನು ಹೋಗಿ ಗೂಡಿನ ಕೆಳಗೆ ನಿಂತೆ.

"ಅಜ್ಜಿ, ಅಮ್ಮ ಆದ ಮನ್ಯಾಗ ಯಾರರ ಉಪ್ಪು ಬಿಡಬೇಕು, ಅಷ್ಟ ಅಲ್ಲ? ಮೀನಿನ ಬದ್ಲಿ ನಾನು ಬಿಡ್ತೀನಿ. ನನ್ನ ಪಾಲಿಂದು ಅದಕ್ಕ ಕೊಡು."

"ದೇವಿ ಜೋಡಿ ವ್ಯಾಪಾರ ಮಾಡ್ತೀಯೇನ?"

"ಹೂಂ, ಮಾಡ್ತೀನಿ."

"ಎಷ್ಟೊತ್ತು ಮಾಡ್ತಿ, ನೋಡೇ ಬಿಡ್ತೀನಿ" ಅಂದಳು ಅಜ್ಜಿ.

ಜೋಳದ ರೊಟ್ಟಿಗೆ ಹೇಗೂ ಉಪ್ಪಿಲ್ಲ. ಬೆಳಿಗ್ಗೆ ಅದನ್ನೇ ಸಪ್ಪೆ ಮೊಸರಿಗೆ ಅದ್ದಿ ತಿಂದೆ. ಕಷ್ಟವೇನೂ ಅನಿಸಲಿಲ್ಲ. ಮಧ್ಯಾಹ್ನ ಎಣ್ಣೆಗಾಯಿ ಬದನೆಕಾಯಿ. ಶೇಂಗಾ ಪುಡಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾದ ವಾಸನೆ ಪಡಸಾಲೆಯವರೆಗೂ ಬಂತು. ಬಾಯಲ್ಲಿ ನೀರೂರಿತು, ನುಂಗಿಕೊಂಡೆ. ಬಿಸಿಲಿಗೆ ಬೆವರು ತುಟಿಗೆ ಇಳಿದಾಗ ಅದು ಉಪ್ಪುಪ್ಪಾಗಿತ್ತು. ಅದನ್ನೂ ಒರೆಸಿಕೊಂಡೆ, ವ್ಯಾಪಾರ ಅಂದಮೇಲೆ ವ್ಯಾಪಾರ.

ಸಂಜೆಗೆ ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ನನ್ನ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತಳು. ಬೇಕೆಂದೇ ಕರುಂ ಕುರುಂ ಅನ್ನಿಸುತ್ತ, "ಏನಲೇ, ಮೀನಿಗೆ ಬರೀ ಉಪ್ಪು ಸಾಕೇನು? ಹುಣಸಿಹುಳಿ, ಖಾರನೂ ಹಾಕು, ಛಲೋ ಸಾರಾಗತೈತಿ!" ಅಂದಳು.

"ಆಗಲಿ. ನಿನಗ ಒಂದು ಹನಿ ಕೊಡಂಗಿಲ್ಲ."

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ತೊಟ್ಟಿಯಲ್ಲಿ ಮೀನು ಒಂದು ಕಡೆ ವಾಲುತ್ತಿತ್ತು. ಗಾಜಿಗೆ ಬೆರಳಿಟ್ಟು ಕಾದೆ, ಅದು ನನ್ನ ಕಡೆ ಕಣ್ಣೂ ಹೊರಳಿಸಲಿಲ್ಲ. ಮತ್ತೆ ಬಂದು ಗೂಡಿನ ಕೆಳಗೇ ಕೂತೆ. ಅಳು ಬರುತ್ತಿತ್ತು. ಅತ್ತರೆ ಅಜ್ಜಿ ಗೆದ್ದಂತೆ ಎಂದು ಹಲ್ಲು ಕಚ್ಚಿಕೊಂಡೆ.

ಆಗ ಅಜ್ಜಿ ಬಂದಳು. ನನ್ನ ಮುಖ ನೋಡಿದಳು, ಬತ್ತಿದ ತುಟಿ ನೋಡಿದಳು. ಕೈ ಮೇಲೆತ್ತಿ ಭರಣಿ ಇಳಿಸಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಹಾಗೆ ಕೊಡುತ್ತಿರಲಿಲ್ಲ. ಹಿಡಿ ತುಂಬ ಹರಳುಪ್ಪು ತೆಗೆದು ತಟ್ಟೆಗೆ ಹಾಕಿ ನೆಲದ ಮೇಲಿಟ್ಟಳು.

"ನಾನು ಕೊಟ್ಟಿಲ್ಲ. ಇಲ್ಲಿ ಇಟ್ಟೀನಿ ಅಷ್ಟ. ಯಾರರ ತಗೊಂಡ್ರ ನನಗ ಗೊತ್ತಿಲ್ಲ" ಎಂದು ಗೋಡೆ ಕಡೆ ತಿರುಗಿ ನಿಂತಳು.

ಅಂಗಡಿಗೆ ಓಡಿ ಅಪ್ಪನನ್ನು ಎಳೆದುಕೊಂಡೇ ಬಂದೆ. ಅಪ್ಪ ತಂಬಿಗೆ ನೀರಿನಲ್ಲಿ ಹರಳು ಕರಗಿಸಿ, ಅಳತೆ ನೋಡಿ, ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಬಿಟ್ಟ. ಮುಂದಿನ ದಿನಗಳಲ್ಲೂ ನೀರು ಬದಲಿಸಿದಾಗೆಲ್ಲ ಹಾಗೇ ಮಾಡಿದ. ಚುಕ್ಕೆಗಳು ಒಂದೊಂದಾಗಿ ಉದುರಿದವು. ಒಂದು ಬೆಳಿಗ್ಗೆ ಬೆರಳಿಟ್ಟೆ, ಮೀನು ಬಾಯಿ ತೆರೆಯುತ್ತ ಓಡಿ ಬಂತು.

"ಬೇವಿನ ಗುಣ ನೋಡು" ಅಂದಳು ಅಜ್ಜಿ. "ಉಪ್ಪಿನ ಗುಣ" ಅಂದೆ ನಾನು. ಅವಳು ಇರುವವರೆಗೂ ಬೇವು ಅಂದಳು, ನಾನು ಇವತ್ತಿಗೂ ಉಪ್ಪು ಅನ್ನುತ್ತೇನೆ.

ಈಗ ನಿಮ್ಮ ತೊಟ್ಟಿ ಎಲ್ಲಿಯೂ ಜಿನುಗುವುದಿಲ್ಲ. ಒಳಗೆ ನೀಲಿ ದೀಪ ಉರಿಯುತ್ತದೆ, ಗುಳುಗುಳು ಗುಳ್ಳೆ ಏಳುತ್ತವೆ. ಮೊನ್ನೆ ನಿಮ್ಮ ಮೀನಿಗೂ ಚುಕ್ಕೆ ಎದ್ದಾಗ ಮನೆಯಲ್ಲಿ ದೇವಿಯ ಹೆಸರು ಯಾರೂ ಎತ್ತಲಿಲ್ಲ. "ಬಿಡ್ರಿ, ಹೊಸದು ತಂದರಾತು" ಅಂದರು. ನನ್ನ ಕಾಲದಲ್ಲಿ ಹೆದರಿ ಕೈಬಿಡು ಎಂದರು, ನಿಮ್ಮ ಕಾಲದಲ್ಲಿ ಇನ್ನೊಂದು ಸಿಗುತ್ತದೆಂದು ಕೈಬಿಡು ಎನ್ನುತ್ತಾರೆ. ಎರಡಕ್ಕೂ ನಾನು ನನ್ನ ಅಜ್ಜಿಯ ಮಾತನ್ನೇ ಹೇಳುತ್ತೇನೆ: ನನ್ನ ಮನ್ಯಾಗ ಆಗಂಗಿಲ್ಲ.

ಹರಳುಪ್ಪಿನ ಭರಣಿಯನ್ನು ಇವತ್ತು ಕೆಳಗಿನ ಕಟ್ಟೆಗೆ ಇಳಿಸಿದ್ದೇನೆ, ನಿಮ್ಮಲ್ಲಿ ಎಲ್ಲರಿಗಿಂತ ಗಿಡ್ಡ ಇರುವವಳಿಗೂ ಎಟುಕುತ್ತದೆ. ಎಷ್ಟು ನೀರಿಗೆ ಎಷ್ಟು ಹಾಕಬೇಕು ಅಂತ ನನ್ನನ್ನು ಕೇಳಿ. ಮೀನನ್ನು ಉಳಿಸಲೋ ಬೇಡವೋ ಅಂತ ಮಾತ್ರ ಯಾರನ್ನೂ ಕೇಳಬೇಡಿ.