ಎಡೆಗಿಟ್ಟ ಎರಡು ಲೋಟ

ನಮ್ಮತ್ತೆ ಕೊನೆಯ ಸಲ ನನ್ನ ಕಾಫಿಗೆ ಹೆಸರಿಟ್ಟದ್ದು ಒಂದು ಬುಧವಾರ ಬೆಳಿಗ್ಗೆ. ಹೆಸರಿಟ್ಟದ್ದರಲ್ಲಿ ವಿಶೇಷವೇನೂ ಇಲ್ಲ. ಮದುವೆಯಾಗಿ ಈ ಮಳವಳ್ಳಿಯ ಮನೆಗೆ ಬಂದಾಗಿನಿಂದ ನಾನು ಮಾಡಿದ ಕಾಫಿ ಒಂದೋ ನೀರಾಗಿರುತ್ತಿತ್ತು, ಇಲ್ಲವೇ ಕಹಿಯಾಗಿರುತ್ತಿತ್ತು. ಎರಡೂ ಆಗಿರದ ದಿನ ಲೋಟ ಸುಡುತ್ತದೆಂದು ಬೈಸಿಕೊಳ್ಳುತ್ತಿದ್ದೆ. ಆದರೆ ಆ ಬುಧವಾರದ ಕಾಫಿ ಬೇರೆ. ಅದರ ಪುಡಿಯನ್ನು ಮಂಡ್ಯದ ಒಂದು ಸಾವಯವ ಅಂಗಡಿಯಿಂದ ತಂದಿದ್ದೆ.

ಆ ಪೊಟ್ಟಣದ ಮೇಲಿರುವುದನ್ನೆಲ್ಲ ಓದುವಷ್ಟರಲ್ಲಿ ಒಂದು ಲೋಟ ಕಾಫಿ ಆರಿಹೋಗುತ್ತದೆ. ರಾಸಾಯನಿಕ ಗೊಬ್ಬರ ಹಾಕಿಲ್ಲ, ಔಷಧಿ ಹೊಡೆದಿಲ್ಲ, ಮರದ ನೆರಳಿನಲ್ಲಿ ಬೆಳೆದದ್ದು, ಬೆಳೆದವರಿಗೂ ಹಣ್ಣು ಬಿಡಿಸಿದವರಿಗೂ ನ್ಯಾಯವಾದ ಬೆಲೆ ಕೊಟ್ಟು ಕೊಂಡದ್ದು. ಚಿಕೋರಿ ಇಲ್ಲವೇ ಇಲ್ಲ. ಕಬ್ಬಿನ ಸೀಮೆಯಲ್ಲಿ ಹುಟ್ಟಿದವಳಿಗೆ ‘ನ್ಯಾಯವಾದ ಬೆಲೆ’ ಎಂಬ ಮಾತು ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಕಂಡರಿಯದ ಯಾರೋ ತೋಟದವರಿಗೆ ಒಳ್ಳೆಯದು ಮಾಡಿದೆನೆಂಬ ಸಂತೋಷದಲ್ಲಿ, ಬಸ್ಸಿನುದ್ದಕ್ಕೂ ಅದನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ.

ಅತ್ತೆಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ.

“ಅದೇನಮ್ಮಿ ಅತಿಸಯ?” ಎಂದರು. “ಬಂಡೂರಲ್ಲಿ ನಮ್ಮಪ್ಪ ಕುರಿ ಗೊಬ್ಬರ ಬುಟ್ಟು ಇನ್ನೇನ್ ಆಕ್ತಿದ್ದ? ರಾಗಿ ಮೂಟೆಗೆ ಚೀಟಿ ಅಂಟುಸ್ಕಂಡು ಓಡಾಡ್ತಿದ್ನಾ?”

ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. “ಬೆಳೆದೋರ್ಗೆ ನ್ಯಾಯ ಮಾಡವ್ರೆ, ಸರಿ. ಕುಡಿಯೋರ್ಗೆ ಯಾಕಮ್ಮಿ ಈ ಅನ್ಯಾಯ?”

ನನಗೂ ರೋಷ ಬಂತು. “ಇದೇ ಅಸಲಿ ಕಾಪಿ ಕಣತ್ತೆ. ನೀವು ಇಷ್ಟು ದಿನ ಕುಡ್ದಿದ್ದು ಚಿಕೋರಿ ಬೇರು.”

“ಬೇರೋ ಬೊಡ್ಡೆನೋ, ನಮ್ ರಹಮತ್ ಸಾಬ್ರು ಬಾಯಿ ರುಚಿ ತಿಳ್ದು ಬೆರೆಸ್ಕೊಡ್ತಾರೆ.”

ಅದು ನಿಜ. ಪೇಟೆಯಲ್ಲಿ ಕಾಫಿಪುಡಿ ಮಾರುವ ರಹಮತ್ ಸಾಬರು ಅತ್ತೆಯ ಕೆಮ್ಮು ಬಾಗಿಲಲ್ಲಿ ಕೇಳಿಸಿದ ಕೂಡಲೇ ಚಿಕೋರಿ ಡಬ್ಬಿಗೆ ಕೈ ಹಾಕುತ್ತಿದ್ದರು. ಚಿಕೋರಿ ಕಲಬೆರಕೆಯೆಂದು ನಾನು ತಿಳಿದಿದ್ದೆ. ಅದು ಮೂಲಂಗಿಯಂಥದೊಂದು ಗೆಡ್ಡೆ, ಹುರಿದು ಪುಡಿ ಮಾಡಿ ಬೆರೆಸುತ್ತಾರೆ ಎಂದು ಆಮೇಲೆ ಎಲ್ಲೋ ಓದಿದೆ. ಅದಿದ್ದರೆ ಫಿಲ್ಟರಿನಲ್ಲಿ ನೀರು ತಡೆದು ತಡೆದು ಇಳಿಯುತ್ತದೆ, ಡಿಕಾಕ್ಷನ್ನು ಗಟ್ಟಿಯಾಗುತ್ತದೆ. ಇಲ್ಲದಿದ್ದರೆ ಬಣ್ಣವನ್ನೂ ಬಿಡದೆ ಸರಸರ ಇಳಿದುಹೋಗುತ್ತದೆ. ಅತ್ತೆ ಇಲ್ಲದ ಮನೆಯಲ್ಲಿ ದಿನಗಳು ಈಗ ಹಾಗೇ ಇಳಿಯುತ್ತಿವೆ.

ಆ ದಿನ ಅವರು ಅಲ್ಲಿಗೇ ಬಿಡಲಿಲ್ಲ. ಅವರೆಕಾಯಿ ಬಿಡಿಸುತ್ತ ಕೂತವರು ತಲೆ ಎತ್ತದೆಯೇ ಹೇಳಿದರು: “ನಾಳೀಕೆ ಅದುಕ್ಕೆ ಬೆಲ್ಲ ಆಕಿ ಮಾಡು. ಸಕ್ರೆಗೆ ಅದು ಒಗ್ಗಾಕಿಲ್ಲ. ನೋಡಾನ.”

ನಮ್ಮತ್ತೆಯ ಬಾಯಲ್ಲಿ ‘ನೋಡಾನ’ ಅಂದರೆ ಅರ್ಧ ಒಪ್ಪಿಗೆ. ನಾನು ಗೆದ್ದ ಹುರುಪಿನಲ್ಲಿ ಬೆಲ್ಲದ ಅಚ್ಚನ್ನು ಆಗಲೇ ಕುಟ್ಟಿಟ್ಟೆ. ಮಧ್ಯಾಹ್ನ ಊಟ ಮಾಡಿ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು. ಸಂಜೆ ಕಾಫಿಗೆಂದು ಎಬ್ಬಿಸಲು ಹೋದರೆ ಏಳಲಿಲ್ಲ.

ಆ ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಅಟ್ಟದ ಮೇಲಿಟ್ಟವಳು ಪಿತೃಪಕ್ಷದವರೆಗೂ ಮುಟ್ಟಲಿಲ್ಲ. ಹಿರಿಯರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನು ಇಡುವುದು ನಮ್ಮ ಕಡೆ ರೂಢಿ. ಮಾವನ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಅದಕ್ಕೆ ತಕರಾರಿಲ್ಲ. ತಕರಾರು ಬಂದದ್ದು ಅತ್ತೆಯ ಕಾಫಿಗೆ. ನಾನು ಅಟ್ಟದಿಂದ ಪೊಟ್ಟಣ ಇಳಿಸಿದ್ದನ್ನು ಕಂಡು, ಹೊಳಲಿನಿಂದ ಬಂದಿದ್ದ ನಾದಿನಿ ಜಯ ಸೊಂಟಕ್ಕೆ ಕೈಯಿಟ್ಟಳು.

“ಅತ್ಗೆ, ಸತ್ತೋರ್ಗೆ ಇಷ್ಟ ಆದದ್ದ ಮಡುಗ್ತಾರೆ. ಬೈದದ್ದ ಅಲ್ಲ.”

“ಬೆಲ್ಲ ಆಕಿ ಮಾಡು ಅಂದಿದ್ರು ಕಣೆ. ಅದ ಕುಡೀನೇ ಇಲ್ಲ.”

ಒಳಗಿಂದ ನಮ್ಮ ಯಜಮಾನರು ಕೂಗಿದರು: “ಎಲ್ಡೂ ಮಡುಗ್ರಮ್ಮ! ಅವ್ವ ಯಾವುದ್ ಬೇಕೋ ಅದ ಕುಡ್ಕಳ್ಳಿ.”

ಹಾಗೇ ಮಾಡಿದೆವು. ಕುದಿಯುವ ಹಾಲಿಗೇ ಬೆಲ್ಲ ಹಾಕಿ ಮೊದಲ ಸಲ ಹಾಲು ಒಡೆಯಿತು; ಹಾಲನ್ನು ಒಲೆಯಿಂದ ಇಳಿಸಿ ಕೊಂಚ ಆರಿಸಬೇಕೆಂದು ಅತ್ತೆ ಎಷ್ಟು ಸಲ ಬೈದು ಹೇಳಿದ್ದರೋ. ಎರಡನೆಯ ಸಲ ಕೂಡಿಬಂತು. ಸಾಬರ ಪುಡಿಯದೊಂದು, ನನ್ನದೊಂದು, ಎರಡು ಲೋಟ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಯಲ್ಲಿ ನಿಂತೆವು.

“ಅವ್ವ ಈಗ ಒಳಗೆ ನಿನ್ನ ಬೈತಾ ಇರ್ತಾಳೆ,” ಎಂದು ಜಯ ಪಿಸುಗುಟ್ಟಿದಳು. ನಗು ಬಂತು. ಬೈದರೆ ಕೇಳಿಸಲಿ ಎಂದು ನಾನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ.

ಬಾಗಿಲು ತೆಗೆದಾಗ ಎರಡು ಲೋಟದಲ್ಲೂ ಕೆನೆ ಕಟ್ಟಿತ್ತು. ಜಯ ಬಗ್ಗಿ ನೋಡಿ, “ನಿಂದು ಒಂಚೂರು ಇಳ್ದಂಗದೆ ಕಣತ್ಗೆ,” ಎಂದಳು. ನನ್ನ ಮುಖ ನೋಡದೆ ಹೇಳಿದಳು, ಒಳ್ಳೆಯವಳು. ಎರಡೂ ಅಂಚಿನವರೆಗೆ ಹಾಗೇ ಇದ್ದವು. ಬೆಲ್ಲದ ಕಾಫಿಯನ್ನು ಆಮೇಲೆ ನಾನೇ ಕುಡಿದೆ. ತಣ್ಣಗಾಗಿತ್ತು. ಬೆಲ್ಲ ಹೆಚ್ಚಾಯಿತೋ ಕಡಿಮೆಯಾಯಿತೋ ನನಗೆ ತಿಳಿಯಲಿಲ್ಲ.

ಈಗ ಮನೆಯಲ್ಲಿ ಎರಡು ಪುಡಿಯೂ ಇವೆ. ಯಾವುದರಲ್ಲಿ ಮಾಡಿಕೊಟ್ಟರೂ ಯಜಮಾನರು ಚೆನ್ನಾಗಿದೆ ಎನ್ನುತ್ತಾರೆ, ಬಂದವರೂ ಚೆನ್ನಾಗಿದೆ ಎನ್ನುತ್ತಾರೆ. ನನ್ನ ಕಾಫಿಗೆ ಹೆಸರಿಡುವವರು ಇಲ್ಲ.