ಹಿಟ್ಟಿನ ಹೆಜ್ಜೆ

ನಮ್ಮ ಮನೆಯಲ್ಲಿ ಗೋಕುಲಾಷ್ಟಮಿ ಇಲ್ಲ. ಮಹಡಿಯ ಮೇಲಿರುವ ಓನರ್ ಮನೆಯವರು ಮಾಡುತ್ತಾರೆ. ಅವರಲ್ಲಿ ಚಿಕ್ಕ ಮಕ್ಕಳಿಲ್ಲದ್ದರಿಂದ ನನ್ನ ಮೊಮ್ಮಗಳನ್ನು ಕರೆದು, ಅವಳ ಪಾದವನ್ನು ಅಕ್ಕಿಹಿಟ್ಟಿನ ನೀರಲ್ಲಿ ಅದ್ದಿ, ಹೊಸ್ತಿಲಿನಿಂದ ದೇವರ ಮನೆವರೆಗೆ ನಡೆಸುತ್ತಾರೆ, ಕೃಷ್ಣ ಒಳಗೆ ಬಂದ ಹಾಗೆ. ಅವಳು ಯುಕೆಜಿಯಲ್ಲಿದ್ದಾಗಿನ ಹೆಜ್ಜೆ ಕಣ್ಣಿಗೆ ಕಟ್ಟಿದಂತಿದೆ. ಬೆರಳು ಬೇರೆ, ಹಿಮ್ಮಡಿ ಬೇರೆ, ನಡುವೆ ಗೋಡಂಬಿಯಂಥ ಬಾಗು.

ಹೋದ ವರ್ಷ ಎರಡನೇ ಕ್ಲಾಸು. ಬಿದ್ದದ್ದು ಹೆಜ್ಜೆಯಲ್ಲ, ರೊಟ್ಟಿ. ಇಡೀ ಪಾದ ನೆಲಕ್ಕೆ ಅಂಟಿತ್ತು. ಬೆರಳು ಹೊರಕ್ಕೆ ತಿರುಗಿದ್ದವು. ಎಡಗಾಲು ಎಳೆದ ಗೀರು ಬೇರೆ.

"ಏನೇ ಇದು, ಕೃಷ್ಣನ್ನ ಕರೆದ್ರೆ ಬಾತುಕೋಳಿ ಬಂದಿದೆಯಲ್ಲೇ," ಎಂದು ಓನರಮ್ಮ ನಕ್ಕರು. ಮಗುವೂ ನಕ್ಕಿತು. ನನಗೆ ನಗು ಬರಲಿಲ್ಲ.

ಕಾರಣ ನಮ್ಮ ಬಾಗಿಲ ಹಿಂದೆಯೇ ಕೂತಿತ್ತು. ಸ್ಕೂಲ್ ಬ್ಯಾಗು. ಮೊದಲು ಗೂಟಕ್ಕೆ ನೇತು ಹಾಕುತ್ತಿದ್ದೆವು. ಗೂಟ ಕಿತ್ತುಬಂದ ಮೇಲೆ ನೆಲಕ್ಕಿಳಿಯಿತು. ಗೋಡೆಗೆ ತಡೆಯಲಾಗದ್ದನ್ನು ಮಗುವಿನ ಬೆನ್ನಿಗೆ ಹಾಕಿ ಕಳಿಸುತ್ತಿದ್ದೆವು.

ಹೊರೆ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಹೇರೋಹಳ್ಳಿಯಲ್ಲಿ ಮನೆಗಳು ಏಳುವಾಗ ಕಾಂಕ್ರೀಟು ಹೊತ್ತವಳು ನಾನು. ತಲೆ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ. ತಲೆಯ ಹೊರೆಗೆ ಮೈ ನೆಟ್ಟಗೆ ನಿಲ್ಲಲೇಬೇಕು. ಈ ಬ್ಯಾಗು ಹಿಂದಕ್ಕೆ ಜಗ್ಗುತ್ತದೆ, ಮಗು ಮುಂದಕ್ಕೆ ಬಗ್ಗುತ್ತದೆ, ಬೀಳಬಾರದೆಂದು ಕಾಲು ಅಗಲಿಸುತ್ತದೆ. ಸಾಲದ್ದಕ್ಕೆ ನನ್ನ ಮಗ, ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜು ದೊಡ್ಡ ಶೂ ತಂದು ತುದಿಗೆ ಹತ್ತಿ ತುರುಕಿದ್ದ. ಅದು ಕಳಚದ ಹಾಗೆ ಬೆರಳು ಮಡಚಿಕೊಂಡು ಅವಳು ಕಾಲೆಳೆಯುತ್ತಿದ್ದಳು.

ಚಿಕ್ಕ ಮಕ್ಕಳ ಪಾದ ಚಪ್ಪಟೆ ಇರುವುದುಂಟು, ಆದರೂ ಮೊದಲು ಭಾರ ಇಳಿಸಿ, ಶೂ ಬದಲಿಸಿ ಎಂದರು ಡಾಕ್ಟರು. ಶೂ ಬದಲಾಯಿತು. ಭಾರ ಇಳಿಯಲಿಲ್ಲ.

ಸ್ಕೂಲಿಗೆ ನಾನೇ ಹೋದೆ. ಮಿಸ್ಸು ಬಹಳ ಮರ್ಯಾದೆಯಿಂದಲೇ ಮಾತಾಡಿದರು. "ಟೈಮ್‌ಟೇಬಲ್ ಪ್ರಕಾರ ಕಳ್ಸಿ ಅಂತ ನಾವೇ ಹೇಳಿದೀವಲ್ಲ ಅಜ್ಜಿ. ಎಲ್ಲಾ ತುಂಬ್ಸಿ ಕಳ್ಸೋರು ನಿಮ್ಮನೇವ್ರೇ." ಸೊಸೆಯನ್ನು ಕೇಳಿದೆ. ಟೈಮ್‌ಟೇಬಲ್ಲಿನಲ್ಲಿ ಇಲ್ಲದ ಪುಸ್ತಕ ಕೇಳುತ್ತಾರೆ, ಇಲ್ಲದಿದ್ದರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಾರೆ, ನಿಮ್ಮ ಮೊಮ್ಮಗಳು ನಿಂತರೆ ನಿಮಗೆ ಸರಿಯಾ ಎಂದಳು. ಎಲ್ಲರದ್ದೂ ಸರಿಯೇ. ಎಲ್ಲರ ಸರಿಯನ್ನೂ ಹೊರುವುದು ಮಾತ್ರ ಆ ಮಗು.

ಸರಿ, ನಾನೇ ಹೊರುತ್ತೇನೆ ಎಂದುಕೊಂಡೆ. ಪೈಪಿಗೆಂದು ಅಗೆದ ನಮ್ಮ ರಸ್ತೆಗೆ ಸ್ಕೂಲ್ ವ್ಯಾನು ಬರುವುದಿಲ್ಲ, ಮಾಗಡಿ ರೋಡಿನವರೆಗೆ ನಡೆಯಬೇಕು. ಹಳೆ ಸೀರೆಯ ತುಂಡು ಸುತ್ತಿ ಸಿಂಬಿ ಮಾಡಿ, ಬ್ಯಾಗನ್ನು ತಲೆ ಮೇಲಿಟ್ಟುಕೊಂಡು ಹೊರಟೆ. ಪಕ್ಕದಲ್ಲಿ ಅವಳು ಕೈಬೀಸಿಕೊಂಡು, ಗುಂಡಿ ದಾಟಿಕೊಂಡು, ಮಕ್ಕಳು ನಡೆಯುವ ಹಾಗೆ ನಡೆದಳು. ಒಂದು ವಾರ ಹೀಗೆ ಹೋದೆವು. ಆಮೇಲೊಂದು ಬೆಳಿಗ್ಗೆ ವ್ಯಾನಿನ ಕಿಟಕಿಯಿಂದ ಮಕ್ಕಳು ಕೈತೋರಿಸಿ ನಕ್ಕರು.

"ಇಳ್ಸು ಅಜ್ಜಿ. ಕೂಲಿಯೋರ ಥರ ಕಾಣ್ತೀಯ."

"ಕೂಲಿಯೋಳೇ ಕಣೇ ನಾನು," ಎಂದೆ.

ನಾನು ಇಳಿಸಿದ ಬ್ಯಾಗಿನ ಪಟ್ಟಿಗಳಲ್ಲಿ ಅವಳು ತೋಳು ತೂರಿಸಿ, ಬಗ್ಗಿ, ಕಾಲು ಅಗಲಿಸಿಕೊಂಡು ವ್ಯಾನು ಹತ್ತಿದಳು. ಮರುದಿನದಿಂದ ತಲೆಗಿರಲಿ, ಕೈಗೂ ಕೊಡಲಿಲ್ಲ.

ಈ ವರ್ಷ ಅಷ್ಟಮಿಗೆ ಓನರಮ್ಮ ಮತ್ತೆ ಕರೆದರು. ಬಾತುಕೋಳಿ ಎಂದದ್ದು ಅವರಿಗೆ ಮರೆತಿರಬೇಕು. ಮಗು ಮರೆತಿರಲಿಲ್ಲ. ಮಂಚದ ಮೇಲೆ ಕೂತು ಪಾದವನ್ನು ಫ್ರಾಕಿನೊಳಗೆ ಎಳೆದುಕೊಂಡಳು.

"ನೀನೇ ಹೋಗು ಅಜ್ಜಿ. ಕೈಯಲ್ಲಿ ಮಾಡು."

ಹೋದೆ. ಮುಷ್ಟಿ ಕಟ್ಟಿ, ಹಿಟ್ಟಿಗೆ ಅದ್ದಿ, ಹೊಸ್ತಿಲಿನಿಂದ ಒತ್ತುತ್ತಾ ಬಂದೆ. ಮೇಲೆ ಬೆರಳ ತುದಿಯಿಂದ ಚುಕ್ಕಿ ಇಟ್ಟೆ. ಮುಷ್ಟಿಯ ಹೆಜ್ಜೆಗೆ ನಡುವೆ ಒಳ್ಳೆಯ ಬಾಗು ಬರುತ್ತದೆ. ಈ ಸಲ ಕೃಷ್ಣ ಎಷ್ಟು ಚೆನ್ನಾಗಿ ನಡೆದಿದ್ದಾನೆ ಎಂದರು ಓನರಮ್ಮ. ನಾನು ಕೈ ತೊಳೆದುಕೊಂಡು ಕೆಳಗಿಳಿದು ಬಂದೆ.